ಕಾನೂನು ಬರುವ ಮೊದಲೇ ತೋಟಾ ಬೆಲೆ ಏರಿದ್ದೇಕೆ?

ಮಾನ್ಯ ಸಂಪಾದಕರೇ,

ಕಡಲೆಕಾಯಿ ಗಿಡ ಕಾಯಿ ಕಟ್ಟುವ ಹೊತ್ತು ಬಂತೆಂದರೆ ನಮ್ಮ ಕೊರಟಗೆರೆ, ಮಧುಗಿರಿ ಕಡೆ ಹಂದಿ ಕಾಟ ಶುರು. ಈ ಸಲ ಅದರ ಜೊತೆ ಇನ್ನೊಂದು ಕಾಟ ಸೇರಿಕೊಂಡಿದೆ. ಬೆಳೆ ಕಾಯುವ ಬಂದೂಕಿಗೆ ತೋಟಾ, ಅಂದರೆ ಗುಂಡು, ಸರಿಯಾಗಿ ಸಿಗುತ್ತಿಲ್ಲ. ಸಿಕ್ಕರೂ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಹೊಸ ರೂಲ್ಸ್ ಬರುತ್ತದಂತೆ, ತೋಟಾ ಲೆಕ್ಕ ಕಡಿಮೆ ಮಾಡ್ತಾರಂತೆ." ಯಾವ ರೂಲ್ಸು, ಯಾರು ಮಾಡ್ತಾರೆ, ಯಾವತ್ತಿಂದ ಅಂತ ಕೇಳಿ ನೋಡಿ, ಒಬ್ಬರಿಗೂ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಬಂತು ಅಂತಾರೆ. ಯಾರು ಕಳಿಸಿದ್ದು ಅಂದರೆ, ಅವರಿಗೂ ಯಾರೋ ಕಳಿಸಿದ್ದಂತೆ.

ಆದೇಶ ಯಾರೂ ನೋಡಿಲ್ಲ, ಬೆಲೆ ಮಾತ್ರ ಏರಿ ಕೂತಿದೆ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿ ಹಾಕುವ ಮುಂಚೆ ಒಂದು ಸಲ ಪೂರ್ತಿ ಓದಿ.

ನನ್ನದು ಅಪ್ಪನ ಕಾಲದಿಂದ ಬಂದ ಒಂಟಿ ನಳಿಗೆ ಬಂದೂಕು, ಹನ್ನೆರಡು ಬೋರಿನದು (ಬೋರು ಅಂದರೆ ನಳಿಗೆಯ ಅಳತೆ). ಲೈಸೆನ್ಸ್ ಬೆಳೆ ರಕ್ಷಣೆಗೆ ಅಂತಲೇ ಇರೋದು. ಮೊನ್ನೆ ಟೌನಿಗೆ ಹೋಗಿದ್ದಾಗ ಅಂಗಡಿಗೆ ಹೋದೆ. ಹೆಸರು ಬೇಡ ಬಿಡಿ, ಬಂದೂಕಿನ ಅಂಗಡಿಗಳು ಇರೋದೇ ಬೆರಳೆಣಿಕೆಯಷ್ಟು. ಅಂಗಡಿಯವರು ನನ್ನ ಲೈಸೆನ್ಸ್ ಪುಸ್ತಕ ತಿರುವಿ ನೋಡಿ ಹೇಳಿದ್ದು ಇಷ್ಟು: "ಯಜಮಾನರೇ, ಈ ವರ್ಷದ್ದು ಇನ್ನೂ ಬಾಕಿ ಇದೆ. ಅಷ್ಟೂ ಈಗಲೇ ತಗೊಂಡುಬಿಡಿ. ಆಮೇಲೆ ಬಂದು ನನ್ನ ಕೇಳಬೇಡಿ." ಬೆಲೆ ಹೋದ ವರ್ಷಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಯಾಕಪ್ಪ ಇಷ್ಟೊಂದು ಅಂದಿದ್ದಕ್ಕೆ, ಮುಂದಿನ ವಾರ ಇದಕ್ಕಿಂತ ಜಾಸ್ತಿ ಆಗುತ್ತೆ ಅಂದರು. ಪಕ್ಕದಲ್ಲಿ ಕಾರಿನಲ್ಲಿ ಬಂದವರೊಬ್ಬರು ನಿಂತಿದ್ದರು. ಅವರಿಗೆ ಹೊಲವೂ ಇಲ್ಲ, ಹಂದಿಯೂ ಇಲ್ಲ, ಆತ್ಮರಕ್ಷಣೆಗೆ ಅಂತ ಮಾಡಿಸಿಕೊಂಡ ಲೈಸೆನ್ಸು. ಬಂದೂಕು ತಂದಾಗಿನಿಂದ ಒಂದು ಈಡೂ ಹಾರಿಸಿಲ್ಲ ಅಂತ ಅವರೇ ನಗುತ್ತಾ ಹೇಳಿದರು. ಅವರು ಪುಸ್ತಕದಲ್ಲಿ ಬರೆದಿದ್ದಷ್ಟನ್ನೂ ಎತ್ತಿಕೊಂಡು ಹೋದರು, ಬೆಲೆ ಕೂಡ ಕೇಳಲಿಲ್ಲ. ಅವರ ಹಿಂದೆ ಪಾವಗಡ ಕಡೆಯ ಒಬ್ಬ ಹಿರಿಯರಿದ್ದರು. ಪಂಚೆಯ ಗಂಟು ಬಿಚ್ಚಿ, ನೋಟು ಎಣಿಸಿ, ಮತ್ತೆ ಎಣಿಸಿ, ಎರಡು ತೋಟಾ ಕೊಡಿ ಸ್ವಾಮಿ ಅಂದರು. ಬಿಡಿ ಕೊಡಲ್ಲ, ಡಬ್ಬಿ ಒಡೆಯೋದಿಲ್ಲ ಅಂತ ಉತ್ತರ ಬಂತು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳಬೇಕು. ನಮ್ಮಲ್ಲಿ ತೋಟಾ ಕೊಳ್ಳೋದು ಬೀಡಿ ಬೆಂಕಿಪೊಟ್ಟಣ ಕೊಂಡ ಹಾಗಲ್ಲ. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಒಟ್ಟು ಎಷ್ಟು ಕೊಳ್ಳಬಹುದು ಅಂತ ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ. ಕೊಂಡಾಗಲೆಲ್ಲ ಅಂಗಡಿಯವರು ತಾರೀಖು, ಲೆಕ್ಕ ಬರೆದು ಸೀಲು ಹಾಕಬೇಕು. ಅಂಗಡಿಯವರೂ ಎಷ್ಟು ಬೇಕಾದರೂ ತುಂಬಿಟ್ಟುಕೊಳ್ಳುವ ಹಾಗಿಲ್ಲ, ಅವರ ಲೈಸೆನ್ಸಿನಲ್ಲೂ ಮಿತಿ ಇದೆ. ಇಷ್ಟೆಲ್ಲ ಕಟ್ಟುಪಾಡು ಇರುವಾಗ ಯಾರೂ ಗುಡ್ಡೆ ಹಾಕಿಕೊಳ್ಳೋಕೆ ಆಗಲ್ಲ, ಹಾಗಾಗಿ ಕೊರತೆ ಬರಲ್ಲ ಅಂತ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಇದೆ. ಸಾಮಾನ್ಯ ವರ್ಷದಲ್ಲಿ ಲೈಸೆನ್ಸ್ ಇರುವ ಹೆಚ್ಚಿನವರು ತಮ್ಮ ಪಾಲಿನ ಅರ್ಧವೂ ಕೊಳ್ಳೋದಿಲ್ಲ, ಎಷ್ಟೋ ಜನ ಏನೂ ಕೊಳ್ಳೋದಿಲ್ಲ, ಬಂದೂಕು ಗೋಡೆಗೆ ನೇತುಹಾಕಿ ಅದರ ಪಕ್ಕ ತಾತನ ಫೋಟೋ ಹಾಕಿರುತ್ತಾರೆ. ಅಂಗಡಿಗೆ ಮಾಲು ಬರೋದೂ ಆ ಸಾಮಾನ್ಯ ವರ್ಷದ ಅಂದಾಜಿನ ಮೇಲೆ. ಈಗ ಎಲ್ಲರೂ ಒಂದೇ ತಿಂಗಳಲ್ಲಿ, "ನಾಳೆ ಕಡಿಮೆ ಮಾಡಿಬಿಟ್ಟರೆ?" ಅಂತ ತಮ್ಮ ಪೂರ್ತಿ ಪಾಲು ಎತ್ತಲು ಹೊರಟರೆ ಏನಾಗಬೇಕು? ಯಾರೂ ಕಾನೂನು ಮುರಿದಿಲ್ಲ. ಎಲ್ಲರ ಪುಸ್ತಕವೂ ಸರಿ ಇದೆ. ಅಂಗಡಿ ಮಾತ್ರ ಖಾಲಿ.

ಈ ರೋಗ ನಮ್ಮಲ್ಲೇ ಹುಟ್ಟಿದ್ದಲ್ಲ. ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಅಮೆರಿಕ ನೋಡಬೇಕು. ಅಲ್ಲಿ 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಗುಂಡು ಹಾರಿಸಿ 20 ಪುಟ್ಟ ಮಕ್ಕಳನ್ನೂ 6 ಜನ ದೊಡ್ಡವರನ್ನೂ ಕೊಂದ. ಅದಾಗಿ ಒಂದು ತಿಂಗಳಲ್ಲಿ ಅಧ್ಯಕ್ಷ ಒಬಾಮ ಬಂದೂಕಿನ ಮೇಲೆ, ಒಂದೇ ಸಲಕ್ಕೆ ಹೆಚ್ಚು ಗುಂಡು ತುಂಬಿಡುವ ಡಬ್ಬಿಗಳಾದ ಮ್ಯಾಗಜಿನ್‌ಗಳ ಮೇಲೆ ನಿರ್ಬಂಧದ ಪ್ರಸ್ತಾಪ ಮುಂದಿಟ್ಟರು. ಪ್ರಸ್ತಾಪ ಅಷ್ಟೇ. ಜನ ಅಂಗಡಿಗೆ ನುಗ್ಗಿದರು. 2013ರ ಜನವರಿಯಲ್ಲೇ ಅಲ್ಲಿನ ದೊಡ್ಡ ಅಂಗಡಿಗಳ ಕಂಪನಿ ವಾಲ್‌ಮಾರ್ಟ್ ಒಬ್ಬ ಗಿರಾಕಿಗೆ ದಿನಕ್ಕೆ ಮೂರೇ ಡಬ್ಬಿ ಅಂತ ಮಿತಿ ಹಾಕಬೇಕಾಯಿತು. ಏಪ್ರಿಲ್ 17ರಂದು ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಆ ಪ್ರಸ್ತಾಪಗಳು ಬಿದ್ದುಹೋದವು. ಅಂದರೆ ದೇಶದ ಮಟ್ಟದಲ್ಲಿ ಕಾನೂನು ಬರಲೇ ಇಲ್ಲ. ಹಾಗಾದರೆ ತೋಟಾ ಮತ್ತೆ ಅಂಗಡಿಗೆ ಬಂತಾ? ಎಲ್ಲಿಂದ ಬರಬೇಕು, ಆಮೇಲೂ ತಿಂಗಳುಗಟ್ಟಲೆ ಕೊರತೆ ಇತ್ತು.

ಅದರಲ್ಲೂ ನನಗೆ ಆಶ್ಚರ್ಯ ಆಗಿದ್ದು ಪಾಯಿಂಟ್ ಟೂ ಟೂ ಅನ್ನೋ ಚಿಕ್ಕ ಗುಂಡಿನ ಕತೆ. ಅಲ್ಲಿ ಅತಿ ಅಗ್ಗದ ಗುಂಡು ಅದು. ಮಕ್ಕಳಿಗೆ ಗುರಿ ಕಲಿಸೋಕೆ, ಅಳಿಲು ಮೊಲ ಹೊಡೆಯೋಕೆ ಬಳಸುವಂಥದ್ದು. ಪ್ರಸ್ತಾಪದ ಗುರಿಯಲ್ಲಿ ಅದು ಇರಲೇ ಇಲ್ಲ. ಆದರೂ ಎಲ್ಲಕ್ಕಿಂತ ಜಾಸ್ತಿ ಕಾಲ ಮಾಯವಾಗಿದ್ದು ಅದೇ, ವರ್ಷಗಟ್ಟಲೆ. ಬೆಲೆ ಎರಡು ಮೂರು ಪಟ್ಟು ಆಯಿತು. ಅದಕ್ಕೊಂದು ಕಾರಣ ಇದೆ. ಬೇರೆ ಗುಂಡುಗಳ ಖಾಲಿ ಕೊಳವೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿ ಬಳಸುವವರು ಅಲ್ಲಿ ತುಂಬಾ ಜನ. ಈ ಚಿಕ್ಕ ಗುಂಡಿನಲ್ಲಿ ಸಿಡಿಯುವ ಮದ್ದು ತಳದ ಅಂಚಿನಲ್ಲೇ ಇರುತ್ತದೆ, ಒಮ್ಮೆ ಹಾರಿಸಿದರೆ ಮುಗೀತು, ಮತ್ತೆ ತುಂಬಲು ಬರಲ್ಲ. ಹಾಗಾಗಿ ಅಂಗಡಿಯಲ್ಲಿ ಇಲ್ಲ ಅಂದರೆ ಇಲ್ಲ. ಕೆಲವರು ಬೆಳಗ್ಗೆ ಅಂಗಡಿ ಬಾಗಿಲು ತೆರೆಯೋ ಹೊತ್ತಿಗೇ ಹೋಗಿ ನಿಂತು, ಬಂದಷ್ಟನ್ನೂ ಕೊಂಡು, ಹೊರಗೆ ಜಾಸ್ತಿ ಬೆಲೆಗೆ ಮಾರೋದನ್ನೇ ಕಸುಬು ಮಾಡಿಕೊಂಡರು. ನಮ್ಮಲ್ಲಿ ಸಿನಿಮಾ ಟಿಕೆಟ್ ಬ್ಲ್ಯಾಕ್ ಮಾಡುತ್ತಿದ್ದರಲ್ಲ, ಥೇಟ್ ಅದೇ.

ಇಷ್ಟೊಂದು ಬೇಡಿಕೆ ಇದ್ದರೆ ಕಾರ್ಖಾನೆಯವರು ಇನ್ನೊಂದು ಕಾರ್ಖಾನೆ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಹೆಚ್ಚಿನವರು ಹಾಕಲಿಲ್ಲ. ಹಗಲು ರಾತ್ರಿ ಪಾಳಿ ಹಾಕಿ ದುಡಿಸಿದರು, ಆದರೆ ಹೊಸ ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯಲು ಹಿಂದೆಮುಂದೆ ನೋಡಿದರು. ಅವರ ಲೆಕ್ಕಾಚಾರ ತಪ್ಪೂ ಅಲ್ಲ. ಇದು ನಿಜವಾದ ಹಸಿವಲ್ಲ, ಹೆದರಿಕೆಯ ಹಸಿವು, ಇವತ್ತಲ್ಲ ನಾಳೆ ಇಳಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಇಳಿಯಿತು ಕೂಡ. 2016ರ ಚುನಾವಣೆಯಲ್ಲಿ, ನಿರ್ಬಂಧ ತರುತ್ತಾರೆ ಅಂತ ಜನ ಹೆದರಿದ್ದ ಹಿಲರಿ ಕ್ಲಿಂಟನ್ ಸೋತರು. ಟ್ರಂಪ್ ಬಂದರು. ಇನ್ನೇನು ಹೆದರಿಕೆ, ಯಾಕೆ ಕೊಳ್ಳಬೇಕು ಅಂತ ಜನ ಸುಮ್ಮನಾದರು. ವ್ಯಾಪಾರ ಬಿದ್ದುಹೋಯಿತು. 200 ವರ್ಷದಷ್ಟು ಹಳೆಯ ರೆಮಿಂಗ್ಟನ್ ಕಂಪನಿ, ಮೊದಲೇ ಸಾಲದಲ್ಲಿದ್ದದ್ದು, 2018ರಲ್ಲಿ ದಿವಾಳಿ ಅರ್ಜಿ ಹಾಕಿತು, 2020ರಲ್ಲಿ ಇನ್ನೊಮ್ಮೆ ಹಾಕಿತು. ಬಂದೂಕಿನ ಪರ ಇರುವ ಅಧ್ಯಕ್ಷರ ಕಾಲದಲ್ಲಿ ಬಂದೂಕಿನ ಕಂಪನಿ ಮುಳುಗೋದು ಅಂದರೆ ಏನು ಹೇಳೋಣ.

2015ರಲ್ಲಿ ಇನ್ನೂ ತಮಾಷೆಯ ಪ್ರಸಂಗ ನಡೆಯಿತು. ತುದಿಗೆ ಹಸಿರು ಬಣ್ಣ ಬಳಿದ ಒಂದು ಬಗೆಯ ರೈಫಲ್ ಗುಂಡಿಗೆ, ರಕ್ಷಾಕವಚ ಸೀಳುವ ಗುಂಡುಗಳ ನಿಷೇಧದಿಂದ ಇದ್ದ ವಿನಾಯಿತಿಯನ್ನು ತೆಗೆಯುತ್ತೇವೆ ಅಂತ ಅಲ್ಲಿನ ಸರ್ಕಾರಿ ಇಲಾಖೆ ಫೆಬ್ರುವರಿಯಲ್ಲಿ ಪ್ರಸ್ತಾಪ ಇಟ್ಟು, ಜನರ ಅಭಿಪ್ರಾಯ ಕೇಳಿತು. 80 ಸಾವಿರಕ್ಕೂ ಹೆಚ್ಚು ಜನ ಬರೆದರು, ಬಹುಪಾಲು ಬೇಡ ಅಂತಲೇ. ಮಾರ್ಚ್ 10ಕ್ಕೆ ಇಲಾಖೆ ಸದ್ಯಕ್ಕೆ ಬೇಡ ಬಿಡಿ ಅಂತ ಹಿಂದೆ ಸರಿಯಿತು. ಒಂದು ತಿಂಗಳೂ ಪೂರ್ತಿ ಆಗಿಲ್ಲ. ಅಷ್ಟರಲ್ಲಿ ಆ ಗುಂಡು ಅಂಗಡಿಗಳಲ್ಲಿ ಖಾಲಿಯಾಗಿ, ಇದ್ದ ಕಡೆ ದರ ಏರಿ, ಸರ್ಕಾರ ಯಾವುದು ಜನರ ಕೈಯಲ್ಲಿ ಇರಬಾರದು ಅಂತ ಅಂದುಕೊಂಡಿತ್ತೋ ಅದೇ ಗುಂಡು ಮೊದಲಿಗಿಂತ ಜಾಸ್ತಿ ಮನೆಗಳಿಗೆ ಸೇರಿತ್ತು. ನಿರ್ಬಂಧ ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ಬೇರೆ. ಬರೀ ಬಾಯಿಮಾತಲ್ಲಿ ಹೇಳಿ ಬಿಟ್ಟರೆ ಉಲ್ಟಾ ಫಲ ಬರುತ್ತದೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಕ್ಯಾಲಿಫೋರ್ನಿಯಾದವರು ನಿಜವಾಗಿಯೂ ಕಾನೂನು ತಂದರು. 2016ರ ನವೆಂಬರ್‌ನಲ್ಲಿ ಜನಮತಕ್ಕೆ ಹಾಕಿ ಒಪ್ಪಿಸಿದರು. ಗುಂಡು ಕೊಳ್ಳುವವರ ಹಿನ್ನೆಲೆ ತಪಾಸಣೆ ಶುರುವಾಗಿದ್ದು 2019ರ ಜುಲೈ 1ರಿಂದ. ಮಧ್ಯೆ ಎರಡೂವರೆ ವರ್ಷಕ್ಕೂ ಹೆಚ್ಚು ಸಮಯ. ಜೂನ್ ತಿಂಗಳಲ್ಲಿ ಅಂಗಡಿ ಮುಂದೆ ಸಾಲು. ಈಗಾಗಲೇ ಸರ್ಕಾರದ ಬಂದೂಕು ದಾಖಲೆಯಲ್ಲಿ ಹೆಸರು ಇದ್ದವರಿಗೆ ತಪಾಸಣೆಯ ಶುಲ್ಕ ಆಗ ಬರೀ ಒಂದು ಡಾಲರ್. ಆ ಒಂದು ಡಾಲರ್ ತಪ್ಪಿಸಿಕೊಳ್ಳಲು ಯಾರೂ ನೂರಾರು ಡಾಲರ್ ಸುರಿಯಲ್ಲ. ಅವರು ತಪ್ಪಿಸಿಕೊಳ್ಳಲು ಹೊರಟಿದ್ದು ಕಾಗದಪತ್ರದ ರಗಳೆ, "ನಿಮ್ಮ ಹೆಸರು ಹೊಂದುತ್ತಿಲ್ಲ, ನಾಳೆ ಬನ್ನಿ" ಅನ್ನೋ ಮಾತು. ಇದು ನಮಗೆ ಅರ್ಥ ಆಗದೆ ಇನ್ಯಾರಿಗೆ ಅರ್ಥ ಆಗಬೇಕು ಹೇಳಿ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೆ ಬೇಕಾದರೂ ಗೊತ್ತು. ಆಮೇಲೆ 2024ರ ಜುಲೈ 1ರಿಂದ ಆ ರಾಜ್ಯ ಬಂದೂಕು, ಗುಂಡಿನ ಮೇಲೆ ಶೇ 11ರಷ್ಟು ಹೊಸ ತೆರಿಗೆ ಹಾಕಿತು. ಗುಂಡಿನ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ಶೇ 11ರ ತೆರಿಗೆ ಬೇರೆಯೇ ಇದೆ, 1937ರ ಕಾನೂನಿನದು, ಆ ದುಡ್ಡು ವನ್ಯಜೀವಿ ರಕ್ಷಣೆಗೆ ರಾಜ್ಯಗಳಿಗೆ ಹೋಗುತ್ತದೆ. ಜನ ಹೆದರಿ ಗುಂಡು ಕೊಂಡಷ್ಟೂ ಜಿಂಕೆ ಬಾತುಕೋಳಿಗಳ ಹುಂಡಿ ತುಂಬುತ್ತದೆ ಅಂತಾಯಿತು!

ಅಮೆರಿಕದವರನ್ನು ನೋಡಿ ನಗುವ ಮೊದಲು 2023ರ ಜುಲೈ ನೆನಪು ಮಾಡಿಕೊಳ್ಳಿ. 20ನೇ ತಾರೀಖು ನಮ್ಮ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದಲ್ಲಿರೋ ನಮ್ಮವರು, ಒಳ್ಳೆ ಓದಿದವರು, ದೊಡ್ಡ ಸಂಬಳದವರು, ಸೋನಾ ಮಸೂರಿ ಮೂಟೆಗೆ ಅಂಗಡಿಯಲ್ಲಿ ಮುಗಿಬಿದ್ದ ವಿಡಿಯೊ ನಾವೆಲ್ಲ ನೋಡಿದ್ದೀವಿ. ಒಂದು ಮನೆಗೆ ಒಂದೇ ಮೂಟೆ ಅಂತ ಬೋರ್ಡು ಹಾಕಿದ ಅಂಗಡಿಗಳೂ ಇದ್ದವು. ಅಲ್ಲಿಗೆ ಈಗಾಗಲೇ ಹೋಗಿದ್ದ ಅಕ್ಕಿ ಎಲ್ಲೂ ಓಡಿಹೋಗಿರಲಿಲ್ಲ. ಇದರಲ್ಲಿ ದಡ್ಡತನ ಏನೂ ಇಲ್ಲ. ಪಕ್ಕದವನು ನಾಲ್ಕು ಮೂಟೆ ತಗೊಳ್ಳುತ್ತಿದ್ದರೆ ನಾನು ಸುಮ್ನೆ ನಿಂತರೆ ನನ್ನ ಮನೆಯಲ್ಲಿ ಅನ್ನ ಇಲ್ಲ. ಒಬ್ಬೊಬ್ಬರೂ ಮಾಡಿದ್ದು ಸರಿ, ಎಲ್ಲರೂ ಸೇರಿ ಮಾಡಿದ್ದು ತಪ್ಪು.

ವಾಪಸ್ ನಮ್ಮ ಊರಿಗೆ ಬರೋಣ. ನಮ್ಮ ಕಷ್ಟ ಅಮೆರಿಕದವರದ್ದಕ್ಕಿಂತ ಒಂದು ಕೈ ಜಾಸ್ತಿ. ಅಲ್ಲಿ ಹತ್ತಾರು ಕಂಪನಿಗಳಿವೆ, ಹೊರದೇಶದಿಂದಲೂ ಬರುತ್ತದೆ. ನಮ್ಮಲ್ಲಿ ಹನ್ನೆರಡು ಬೋರಿನ ತೋಟಾ ಅಂದರೆ ಬಹುಪಾಲು ಪುಣೆ ಪಕ್ಕದ ಖಡ್ಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯದೇ. ಡಬ್ಬಿಯ ಮೇಲೆ ಶಕ್ತಿಮಾನ್ ಅಂತ ಇರುತ್ತದಲ್ಲ, ಅದು. 2021ರ ಅಕ್ಟೋಬರ್‌ನಲ್ಲಿ ಸೈನ್ಯದ ಸಾಮಾನಿನ ಸರ್ಕಾರಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಹಳೆಯ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಆ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗೆ ಬಂತು. ಅವರ ಮೊದಲ ಗಿರಾಕಿ ಸೈನ್ಯ, ಅದು ಸರಿಯೇ. ನಾವು ಸಾಲಿನ ಕೊನೆಯಲ್ಲಿ ನಿಂತವರು. ಹೊರಗಿನಿಂದ ತರಿಸೋಕೆ ಶೂಟಿಂಗ್ ಕ್ರೀಡಾಪಟುಗಳಿಗೆ ಅವಕಾಶ ಇದೆ, ಹೊಲ ಕಾಯುವವನಿಗೆ ಎಲ್ಲಿದೆ? ಹಾಗಾಗಿ ಇಲ್ಲಿ ಒಮ್ಮೆ ಅಂಗಡಿ ಖಾಲಿಯಾದರೆ ಬೇರೆ ಬಾಗಿಲು ತಟ್ಟೋಕೆ ಆಗಲ್ಲ. ಕಾಯಬೇಕು. ನಾವು ಕಾಯ್ತೀವಿ, ಹಂದಿ ಕಾಯಲ್ಲ.

ಬಂದೂಕು ಅಂದ ಕೂಡಲೇ ಪೇಟೆಯ ಓದುಗರು ಹುಬ್ಬೇರಿಸಬಹುದು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಬೆಳೆ ರಕ್ಷಣೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯೋಕೆ ಅನುಮತಿ ಇದ್ದ ಹಾಗಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಗೆ, ಅಂದರೆ ಕಾಯ್ದೆಯ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ, ಸೇರಿದೆ. ಹೊಡೆಯಬೇಕೆಂದರೆ ಅರಣ್ಯ ಇಲಾಖೆಯ ಅಧಿಕಾರ ಇರುವವರು ಬರೆದು ಕೊಡಬೇಕು. ನಾವು ಹಾರಿಸೋದು ಗಾಳಿಗೆ. ರಾತ್ರಿ ಅಟ್ಟಣೆ ಮೇಲೆ ಕೂತಿರುತ್ತೀವಿ, ಹೊಲದ ಅಂಚಿನಲ್ಲಿ ಸರಸರ ಸದ್ದು ಆಗುತ್ತದೆ, ಟಾರ್ಚ್ ಬಿಟ್ಟರೆ ಕಣ್ಣು ಮಿಣಮಿಣ. ಮೊದಲು ತಗಡು ಬಡಿಯೋದು, ಕೂಗೋದು, ಆಮೇಲೆ ಪಟಾಕಿ. ನಾಲ್ಕು ದಿನ ಆದರೆ ಹಂದಿಗೆ ಪಟಾಕಿ ಅಭ್ಯಾಸ ಆಗಿಬಿಡುತ್ತದೆ. ಸದ್ದು ಕೇಳಿ ತಲೆ ಎತ್ತಿ ನೋಡಿ ಮತ್ತೆ ಕಡಲೆಕಾಯಿ ಕೆದಕುತ್ತದೆ. ಬಂದೂಕಿನ ಸದ್ದಿಗೆ ಮಾತ್ರ ಹಿಂಡು ಚದುರುತ್ತದೆ. ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ಬೆಳಗ್ಗೆ ಹೊಲ ನೋಡೋಕಾಗಲ್ಲ. ಗಿಡ ಬೇರು ಸಮೇತ ಮಗುಚಿಬಿದ್ದಿರುತ್ತದೆ, ತಿಂದಿದ್ದು ಕಾಲು ಭಾಗ, ಹಾಳು ಮಾಡಿದ್ದು ಮುಕ್ಕಾಲು. ಬೆಟ್ಟದ ಸಾಲಿಗೆ ಹತ್ತಿರ ಇರುವ ಊರುಗಳಲ್ಲಿ ಕರಡಿ ಬೇರೆ. ಮೈದನಹಳ್ಳಿ ಕಡೆಯವರಿಗೆ ಕೃಷ್ಣಮೃಗ, ಅದನ್ನು ಓಡಿಸೋಕೂ ಮನಸ್ಸು ಬರಲ್ಲ ಪಾಪ.

ತೋಟಾ ಸಿಗದೆ ಹೋದರೆ ರೈತ ಕೈಕಟ್ಟಿ ಕೂರುತ್ತಾನೆ ಅಂದುಕೊಂಡಿದ್ದರೆ ಅದು ತಪ್ಪು. ಅವನು ತಂತಿ ಎಳೆಯುತ್ತಾನೆ. ಪಂಪ್‌ಸೆಟ್ಟಿನ ಲೈನಿನಿಂದ ನೇರ ಕರೆಂಟು ಕೊಟ್ಟು, ಗೂಟಕ್ಕೆ ಬರಿ ತಂತಿ ಸುತ್ತಿ ಬಿಡುತ್ತಾನೆ. ಬ್ಯಾಟರಿಯಿಂದ ಬಿಟ್ಟು ಬಿಟ್ಟು ಬಡಿಯುವ ಸೋಲಾರ್ ಬೇಲಿ ಬೇರೆ, ಅದು ಬರೀ ಚುರುಕ್ ಅನ್ನಿಸುತ್ತದೆ. ಇದು ಕೊಲ್ಲುತ್ತದೆ. ಹಂದಿ ಸಾಯುತ್ತದೆ, ಚಿರತೆ ಸಾಯುತ್ತದೆ, ಬೆಳಗಿನ ಜಾವ ನೀರು ಕಟ್ಟಲು ಬಂದ ಪಕ್ಕದ ಹೊಲದವನು ಸಾಯುತ್ತಾನೆ. ಕೆಲವು ಸಲ ತಂತಿ ಎಳೆದವನೇ ಮರೆತು ಕಾಲಿಟ್ಟು ಸಾಯುತ್ತಾನೆ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲೇ ಇಂಥ ಸುದ್ದಿ ಎಷ್ಟು ಬಂದಿಲ್ಲ! ಇನ್ನು ಕೆಲವರು ಬೈಕಿನ ಕ್ಲಚ್ ವೈರಿನಿಂದ ಉರುಳು ಹಾಕುತ್ತಾರೆ, ಹಂದಿಗೆ ಅಂತ ಇಟ್ಟಿದ್ದಕ್ಕೆ ಚಿರತೆ ಸೊಂಟ ಸಿಕ್ಕಿಸಿಕೊಂಡು ಒದ್ದಾಡುತ್ತದೆ. ಸಿಡಿಮದ್ದಿನ ಉಂಡೆ ಇಡುವವರೂ ಇದ್ದಾರೆ. ಅದನ್ನು ಹಸು ಕಚ್ಚಿದರೆ ದವಡೆಯೇ ಇರಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆ ಬಾಯಿ ಸಿಡಿದು ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟಿತಲ್ಲ, ಇಡೀ ದೇಶ ಅತ್ತಿತು, ಅದೂ ಇಂಥದ್ದೇ ಮದ್ದು. ಲೈಸೆನ್ಸ್ ಇರುವ, ಪುಸ್ತಕದಲ್ಲಿ ಲೆಕ್ಕ ಇರುವ ಒಂದು ತೋಟಾ ದುಬಾರಿಯಾದಷ್ಟೂ ಲೆಕ್ಕವೇ ಇಲ್ಲದ ಇವೆಲ್ಲ ಅಗ್ಗವಾಗಿ ಕಾಣುತ್ತವೆ. ಇದನ್ನು ಯಾವ ಅಧಿಕಾರಿಯೂ ಫೈಲಿನಲ್ಲಿ ಬರೆದುಕೊಳ್ಳೋದಿಲ್ಲ, ಯಾಕೆಂದರೆ ಇದು ಯಾವ ಅಂಗಡಿಯ ರಿಜಿಸ್ಟರಿನಲ್ಲೂ ಬರಲ್ಲ.

ಆಸೆಬಿದ್ದು ತುಂಬಿಟ್ಟುಕೊಂಡವರಿಗಾದರೂ ಸುಖ ಇದೆಯಾ? ನಮ್ಮ ಚಿಕ್ಕಪ್ಪನ ಮನೆ ಟ್ರಂಕು ಒಂದು ಸಲ ತೆಗೆದು ನೋಡಿದ್ದೆ. ಯಾವುದೋ ಕಾಲದಲ್ಲಿ "ಮುಂದೆ ಸಿಗಲ್ಲ" ಅಂತ ಕೊಂಡಿಟ್ಟ ತೋಟಾಗಳು, ರೇಷ್ಮೆ ಪಂಚೆಯ ಕೆಳಗೆ. ರಟ್ಟಿನ ಕೊಳವೆಗಳು ತೇವ ಕುಡಿದು ಉಬ್ಬಿಹೋಗಿದ್ದವು, ಬಂದೂಕಿನ ನಳಿಗೆಗೆ ಅರ್ಧ ಹೋಗಿ ನಿಲ್ಲುತ್ತಿದ್ದವು. ತಳದ ಹಿತ್ತಾಳೆಗೆ ಹಸಿರು ಕಿಲುಬು. ಒಂದೆರಡರ ಬಾಯಿ ಬಿಚ್ಚಿಕೊಂಡು ಚರೆ ಟ್ರಂಕಿನ ತಳದಲ್ಲಿ ಸಾಸಿವೆ ಚೆಲ್ಲಿದಂತೆ ಉರುಳಾಡುತ್ತಿತ್ತು. ಅಂಥದ್ದನ್ನು ಹಾಕಿ ಬಂದೂಕಿನ ಕುದುರೆ (ಟ್ರಿಗರ್) ಎಳೆದರೆ ಒಂದೋ ಟಸ್ ಅನ್ನುತ್ತದೆ, ಇಲ್ಲಾ ತಡವಾಗಿ ಸಿಡಿಯುತ್ತದೆ. ತಡವಾಗಿ ಸಿಡಿಯೋದು ಇನ್ನೂ ಅಪಾಯ, ಯಾಕೆಂದರೆ ಅಷ್ಟು ಹೊತ್ತಿಗೆ ಹಾರಲಿಲ್ಲ ಅಂದುಕೊಂಡು ನಳಿಗೆ ಬಗ್ಗಿಸಿ ನೋಡುತ್ತಿರುತ್ತೀರಿ. ಈಗಿನವು ಪ್ಲಾಸ್ಟಿಕ್ ಕೊಳವೆಯವು, ತೇವಕ್ಕೆ ಸ್ವಲ್ಪ ತಡೆಯುತ್ತವೆ, ಆದರೂ ಹತ್ತಾರು ವರ್ಷ ಹಂಚಿನ ಮನೆಯ ಅಟ್ಟದ ಮೇಲೆ ಇಡುವ ವಸ್ತು ಅಲ್ಲ ಅದು.

ಇಷ್ಟು ಹೇಳಿದ ಮೇಲೆ, ನಾನು ನಿರ್ಬಂಧವೇ ಬೇಡ ಅನ್ನುವವನಲ್ಲ. ಮದುವೆ ಮೆರವಣಿಗೆಯಲ್ಲಿ ಕುಡಿದು ಗಾಳಿಗೆ ಗುಂಡು ಹಾರಿಸಿ ಯಾರದೋ ಪ್ರಾಣ ತೆಗೆಯುವವರಿಗೆ ಶಿಕ್ಷೆ ಆಗಲೇಬೇಕು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದಕ್ಕೇ ಅಂತ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬಂತು. ಒಳ್ಳೆಯದೇ ಆಯಿತು. ಅದೇ ತಿದ್ದುಪಡಿ ಒಬ್ಬರ ಹತ್ತಿರ ಮೂರು ಬಂದೂಕು ಇರಬಹುದು ಅನ್ನೋದನ್ನು ಎರಡಕ್ಕೆ ಇಳಿಸಿತು. ಮೊದಲು ಮಸೂದೆಯಲ್ಲಿ ಇದ್ದದ್ದು ಒಂದೇ, ಚರ್ಚೆ ಆಗಿ ಎರಡಾಯಿತು. ಆದರೆ ನೋಡಿ, ಅಲ್ಲಿ ಒಂದು ಮಾತು ಸ್ಪಷ್ಟ ಇತ್ತು. 2019ರ ಡಿಸೆಂಬರ್ 14ರಂದು ಜಾರಿ, ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕು. ತಾರೀಖು ಗೊತ್ತು, ಏನು ಮಾಡಬೇಕು ಗೊತ್ತು. ಲೈಸೆನ್ಸ್ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿದ್ದೂ ಆ ತಿದ್ದುಪಡಿಯೇ, ಅದನ್ನು ಯಾರೂ ವಾಟ್ಸಾಪಿನಲ್ಲಿ ಹಂಚಲಿಲ್ಲ. ಒಳ್ಳೆ ಸುದ್ದಿಗೆ ಕಾಲಿಲ್ಲ ಅನ್ನಿ.

ಕೊಡಗಿನವರಿಗೆ ಇರುವ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯಿತಿ ನಮಗೂ ಕೊಡಿ ಅಂತಲೂ ಕೇಳುತ್ತಿಲ್ಲ. ಅವರದ್ದು ಬೇರೆ ಚರಿತ್ರೆ, 2029ರವರೆಗೆ ಅದು ಇದೆ, ಹೈಕೋರ್ಟೂ ಒಪ್ಪಿದೆ. ನಮ್ಮದು ತುಂಬಾ ಚಿಕ್ಕ ಬೇಡಿಕೆ. ತೋಟಾ ಲೆಕ್ಕ ಬದಲಾಯಿಸುವ ಯೋಚನೆ ಸರ್ಕಾರಕ್ಕೆ ನಿಜವಾಗಿ ಇದ್ದರೆ, ಹೇಳುವ ದಿನವೇ ತಾರೀಖು ಹೇಳಲಿ, ಮಧ್ಯದ ಆ ದಿನಗಳಲ್ಲಿ ಒಬ್ಬರು ಒಂದು ಸಲಕ್ಕೆ ಇಷ್ಟೇ ಕೊಳ್ಳಬೇಕು ಅಂತ ಕಟ್ಟು ಹಾಕಲಿ. ವಾಲ್‌ಮಾರ್ಟಿನಂಥ ಲಾಭದ ಅಂಗಡಿಗೆ ಹೊಳೆದದ್ದು ನಮ್ಮ ಆಡಳಿತಕ್ಕೆ ಹೊಳೆಯಬಾರದಾ? ಬೆಳೆ ರಕ್ಷಣೆ ಲೈಸೆನ್ಸಿನವರಿಗೆ ಸುಗ್ಗಿಯ ತಿಂಗಳುಗಳಲ್ಲಿ ಮೊದಲ ಆದ್ಯತೆ ಇರಲಿ, ಬಿಡಿ ತೋಟಾ ಕೊಡಲ್ಲ ಅನ್ನೋದು ನಿಲ್ಲಲಿ, ರೇಷನ್ ಅಂಗಡಿ ಮುಂದೆ ದಾಸ್ತಾನು ಬರೆಯುವ ಹಾಗೆ ಇವರೂ ದರ ಮತ್ತು ದಾಸ್ತಾನು ಬರೆದು ತೂಗುಹಾಕಲಿ. ಡಬ್ಬಿಯ ಮೇಲಿನ ದರಕ್ಕೂ ಕೇಳಿದ ದರಕ್ಕೂ ಎಷ್ಟು ಅಂತರ ಅಂತ ಆಗ ಗೊತ್ತಾಗುತ್ತದೆ. ಬಿಲ್ ಕೇಳಿದರೆ ಮುಖ ಸಿಂಡರಿಸುವುದೂ ಕಡಿಮೆ ಆಗಬಹುದು.

ಮದ್ದು ತುಂಬುವ ಹಳೆ ಕೋವಿಯವರ ಕತೆ ಇನ್ನೂ ಕಷ್ಟ, ಅದನ್ನು ಬೇರೆಯೇ ಬರೆಯಬೇಕು. 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದೇ ಆ ಕೋವಿಯನ್ನು. ಈಗ ಅದಕ್ಕೆ ಕರಿಮದ್ದು, ಅದಕ್ಕೆ ಕಿಡಿ ಕೊಡುವ ಕೇಪು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಅಂಗಡಿಯವರೇ ನಗುತ್ತಾರೆ.

ಚುನಾವಣೆ ಬಂದರೆ ಬಂದೂಕು ಠಾಣೆಗೆ ಒಪ್ಪಿಸಿ ಅಂತ ಒಂದೇ ದಿನದಲ್ಲಿ ಹಳ್ಳಿಹಳ್ಳಿಗೂ ಸುದ್ದಿ ಮುಟ್ಟಿಸುತ್ತಾರೆ, ಬೀಟ್ ಪೊಲೀಸರು ಮನೆ ಬಾಗಿಲಿಗೇ ಬರುತ್ತಾರೆ. ಯಾರ ಮನೆಯಲ್ಲಿ ಯಾವ ನಂಬರಿನ ಬಂದೂಕು ಇದೆ ಅಂತ ಅವರಿಗೆ ಬಾಯಿಪಾಠ. ಅದೇ ದಾರಿಯಲ್ಲಿ ಈ ಗಾಳಿಸುದ್ದಿಗೂ ಒಂದು ಉತ್ತರ ಮುಟ್ಟಿಸಬಹುದಲ್ಲ. ಕಡಲೆಕಾಯಿ ಕೀಳೋಕೆ ಇನ್ನೂ ಸಮಯ ಇದೆ. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು, ಅವರ ಕಚೇರಿಯಿಂದ ಎರಡು ಸಾಲಿನ ಪ್ರಕಟಣೆ ಬಂದರೆ ಸಾಕು. ನಿಯಮ ಬದಲಾಗಿಲ್ಲ ಅಂದರೆ ಬದಲಾಗಿಲ್ಲ ಅಂತ, ಬದಲಾಗುತ್ತದೆ ಅಂದರೆ ಯಾವತ್ತಿಂದ ಅಂತ. ನಿಮ್ಮ ಜಿಲ್ಲಾ ವರದಿಗಾರರು ಅಲ್ಲಿ ಕೇಳಿ, ಬಂದ ಉತ್ತರವನ್ನು ಇದೇ ಪುಟದಲ್ಲಿ ಹಾಕಿದರೆ ನಮಗೆ ಉಪಕಾರ ಆಗುತ್ತದೆ.

ಇತಿ ತಮ್ಮ ಓದುಗ,
ಒಬ್ಬ ಕಡಲೆಕಾಯಿ ಬೆಳೆಗಾರ,
ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ